ಔಷಧಿ ಅಂಗಡಿಗೆ ಹೋಗುವ ಮುಂಚೆ ಮಂಡಿಯೂರಿ ನೋಡು

ಬಡಾವಣೆಯ ಉದ್ಯಾನದ ಹೊಣೆ ಈ ವರ್ಷ ನಿನ್ನ ಹೆಗಲಿಗೆ ಬಂದಿದೆ ಎಂದು ತಿಳಿದು ಸಂತೋಷವಾಯಿತು. ನೀನು ಕಳಿಸಿದ ಫೋಟೋಗಳನ್ನೂ ನೋಡಿದೆ. ಹುಲ್ಲುಹಾಸಿನ ನಡುವೆ ಅಲ್ಲಲ್ಲಿ ಒಣಗಿದ ವೃತ್ತಗಳು, ಅಂಚಿನಲ್ಲಿ ಕಳೆ, ಕೆಳಗೆ ಒಂದೇ ಒಂದು ಪ್ರಶ್ನೆ: ‘ಯಾವ ಔಷಧಿ ಹೊಡೆಸಲಿ?’ ಫೋಟೋ ನೋಡಿ ಔಷಧಿ ಹೇಳುವವರು ನಿನಗೆ ಬೇಕಾದಷ್ಟು ಜನ ಸಿಗುತ್ತಾರಮ್ಮ. ನಾನು ಹೇಳುವುದಿಲ್ಲ. ಹುಲ್ಲು ಒಣಗುವುದಕ್ಕೆ ಹತ್ತಾರು ಕಾರಣಗಳಿವೆ. ನಾಲ್ಕಡಿ ಎತ್ತರದಿಂದ ನೋಡಿದರೆ ಅವೆಲ್ಲ ಒಂದೇ ತರಹ ಕಾಣುತ್ತವೆ. ಶಿಲೀಂಧ್ರಕ್ಕೆ ಹೊಡೆಯುವ ಔಷಧಿ ಹುಳುವಿಗೆ ನಾಟುವುದಿಲ್ಲ, ಹುಳುವಿನ ಔಷಧಿ ಶಿಲೀಂಧ್ರಕ್ಕೆ ತಾಕುವುದಿಲ್ಲ. ನಾಯಿ ಉಚ್ಚೆ ಹೊಯ್ದು ಸುಟ್ಟ ಜಾಗಕ್ಕೆ ಎರಡೂ ಬೇಡ. ಆ ಹುಲ್ಲಿನ ಮೇಲೆ ಬೆಳಿಗ್ಗೆ ವಯಸ್ಸಾದವರು ಬರಿಗಾಲಲ್ಲಿ ನಡೆಯುತ್ತಾರೆ, ಸಂಜೆ ಮಕ್ಕಳು ಹೊರಳಾಡುತ್ತಾರೆ. ಏನು ಹೊಡೆಸುತ್ತೀಯೋ ಅದು ಅವರ ಮೈಗೂ ಹೋಗುತ್ತದೆ. ಅದಕ್ಕೇ ಹೇಳುತ್ತೇನೆ, ಮೊದಲು ಮಂಡಿಯೂರಿ ನೋಡು.

ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಹೋಗು, ರೋಗದ ಗುರುತು ಆಗಲೇ ಸ್ಪಷ್ಟವಾಗಿ ಕಾಣುವುದು. ಒಣಗಿದ ವೃತ್ತದ ನಡುವೆ ನೋಡಬೇಡ, ಅಲ್ಲಿ ಸತ್ತ ಹುಲ್ಲು ಬಿಟ್ಟರೆ ಏನಿರುವುದಿಲ್ಲ. ಹಸಿರು ಮತ್ತು ಕಂದು ಸೇರುವ ಅಂಚಿನಲ್ಲಿ ನೋಡು. ಒಂದು ಹಿಡಿ ಹುಲ್ಲು ಹಿಡಿದು ಮೆಲ್ಲಗೆ ಎಳೆ. ಎಲೆಗಳು ಬುಡದಲ್ಲೇ ಸುಲಭವಾಗಿ ಕಿತ್ತು ಬಂದು, ಬುಡ ಕಪ್ಪುಗೆಂಪಾಗಿ ಕೊಳೆತಿದ್ದರೆ ಶಿಲೀಂಧ್ರದ ಕೆಲಸ. ಎಲೆಯಲ್ಲ, ಬೇರಿಲ್ಲದ ಹುಲ್ಲಿನ ಪದರವೇ ಚಾಪೆ ಸುತ್ತಿದ ಹಾಗೆ ಎದ್ದು ಬಂದರೆ ಕೆಳಗೆ ಗೊಣ್ಣೆಹುಳು ಕೂತಿದೆ. ಎಳೆದರೂ ಹುಲ್ಲು ಗಟ್ಟಿಯಾಗಿ ನಿಂತಿದ್ದರೆ, ಎಲೆಗಳ ತುದಿಯಷ್ಟೇ ಬಿಳಿಚಿ ನಾರುನಾರಾಗಿದ್ದರೆ, ರೋಗವೂ ಅಲ್ಲ ಹುಳುವೂ ಅಲ್ಲ. ಕತ್ತರಿಸುವ ಯಂತ್ರದ ಬ್ಲೇಡು ಮೊಂಡಾಗಿದೆ, ಸಾಣೆ ಹಿಡಿಸು. ಸಾಣೆಗೆ ಆಗುವ ಖರ್ಚಿನಲ್ಲಿ ಒಂದು ಸಣ್ಣ ಸೀಸೆ ಔಷಧಿಯೂ ಬರುವುದಿಲ್ಲ. ಆದರೂ ಜನ ಮೊದಲು ಸೀಸೆಯನ್ನೇ ಕೊಳ್ಳುತ್ತಾರೆ.

ರೋಗದ ಮಾತು ಮೊದಲು ಮುಗಿಸಿಬಿಡುತ್ತೇನೆ. ಹುಲ್ಲಿಗೆ ಬರುವ ರೋಗಗಳಲ್ಲಿ ಬಹುಪಾಲು ಶಿಲೀಂಧ್ರದವು. ಆ ಶಿಲೀಂಧ್ರಗಳು ನಿನ್ನ ಮಣ್ಣಿನಲ್ಲಿ ಈಗಲೂ ಇವೆ, ನಾಳೆಯೂ ಇರುತ್ತವೆ. ಯಾವ ಔಷಧಿಯೂ ಅವನ್ನು ನಿರ್ನಾಮ ಮಾಡುವುದಿಲ್ಲ. ಎಲೆ ಎಷ್ಟು ಹೊತ್ತು ಒದ್ದೆಯಾಗಿರುತ್ತದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ನಿಮ್ಮ ಮಾಲಿ ಸಂಜೆ ಆರು ಗಂಟೆಗೆ ಪೈಪು ಹಿಡಿದರೆ ಹುಲ್ಲು ಮಾರನೆಯ ದಿನ ಒಂಬತ್ತರವರೆಗೂ ಒದ್ದೆ. ಅದೇ ನೀರನ್ನು ಬೆಳಿಗ್ಗೆ ಆರಕ್ಕೆ ಕೊಟ್ಟರೆ ಎಲೆ ಬಿಸಿಲಿಗೆ ಬೇಗ ಆರಿಬಿಡುತ್ತದೆ. ಸಂಜೆಯ ನೀರನ್ನು ಬೆಳಗಿಗೆ ಬದಲಾಯಿಸು. ಕಾಸು ಖರ್ಚಿಲ್ಲದ ಈ ಒಂದು ಬದಲಾವಣೆ ಮಾಡುವ ಕೆಲಸವನ್ನು ಎಷ್ಟೋ ಔಷಧಿಗಳು ಮಾಡಲಾರವು.

ಇನ್ನೊಂದು, ಯೂರಿಯಾ. ಮೇ ತಿಂಗಳ ಮಳೆ, ಆಮೇಲೆ ಸೆಪ್ಟೆಂಬರ್-ಅಕ್ಟೋಬರ್ ಮಳೆ, ಈ ಎರಡು ಹೊತ್ತಿನಲ್ಲಿ ಬೆಂಗಳೂರಿನ ಹುಲ್ಲು ತಾನಾಗಿಯೇ ಸೊಕ್ಕಿ ಬೆಳೆಯುತ್ತದೆ. ಆಗ ಮೇಲೆ ಯೂರಿಯಾ ಸುರಿದರೆ ಎಲೆ ಮೆತ್ತಗಾಗಿ ರೈಜಾಕ್ಟೋನಿಯಾ ಎಂಬ ಶಿಲೀಂಧ್ರಕ್ಕೆ ಹಬ್ಬದೂಟ. ಒಂದಡಿಯಿಂದ ಮೂರಡಿ ಅಗಲದ ಕಂದು ಚಕ್ರಗಳು ಏಳುತ್ತವೆ, ಇಬ್ಬನಿಯ ಹೊತ್ತಿನಲ್ಲಿ ಕೆಲವೊಮ್ಮೆ ಅಂಚಿಗೆ ಹೊಗೆ ಬಣ್ಣದ ಉಂಗುರ ಕಾಣುತ್ತದೆ. ನವೆಂಬರ್ ಕಳೆದು ಚಳಿ ಇಬ್ಬನಿ ಶುರುವಾದಾಗ ಬರುವುದು ಇನ್ನೊಂದು, ಡಾಲರ್ ಸ್ಪಾಟ್. ನಾಣ್ಯದಷ್ಟಗಲದ ಒಣಹುಲ್ಲಿನ ಬಣ್ಣದ ಚುಕ್ಕೆಗಳು. ಎಲೆಯನ್ನು ಕಣ್ಣ ಹತ್ತಿರ ಹಿಡಿದರೆ ನಡುವೆ ಬಿಳಿಚಿದ ಪಟ್ಟಿ, ಪಟ್ಟಿಯ ಎರಡೂ ಕಡೆ ಕೆಂಗಂದು ಅಂಚು. ಇದು ಬರುವುದು ಹಸಿದ ಹುಲ್ಲಿಗೆ, ಅಂದರೆ ಸಾರಜನಕ ಸಾಲದ ಹುಲ್ಲಿಗೆ. ನೋಡು, ಎರಡೂ ಚುಕ್ಕೆಯೇ, ಎರಡೂ ಶಿಲೀಂಧ್ರವೇ. ಒಂದಕ್ಕೆ ಗೊಬ್ಬರ ನಿಲ್ಲಿಸಬೇಕು, ಇನ್ನೊಂದಕ್ಕೆ ಗೊಬ್ಬರ ಕೊಡಬೇಕು. ಗುರುತಿಸದೆ ಮದ್ದು ಮಾಡಿದರೆ ಇದ್ದ ರೋಗವನ್ನು ನಾವೇ ಸಾಕಿದ ಹಾಗಾಗುತ್ತದೆ. ಕೊಡುವಾಗಲೂ ಚದರ ಮೀಟರಿಗೆ 10 ಗ್ರಾಂ ಯೂರಿಯಾ ದಾಟಬಾರದು. ಅದನ್ನೂ ಎರಡು ಕಂತಾಗಿ ಕೊಟ್ಟು, ಕೂಡಲೇ ನೀರು ಹಾಯಿಸಬೇಕು.

ಮಳೆಗಾಲದಲ್ಲಿ ನೀರು ನಿಲ್ಲುವ ಕಡೆ ಎಣ್ಣೆ ಹಚ್ಚಿದ ಹಾಗೆ ಜಿಡ್ಡಾಗಿ ಮಲಗುವ ಹುಲ್ಲು, ಬೆಳಿಗ್ಗೆ ಅದರ ಮೇಲೆ ಹತ್ತಿಯಂಥ ಬಿಳಿ ಎಳೆ ಕಂಡರೆ ಪಿಥಿಯಂ. ಅದು ನೀರು ಹರಿದ ದಾರಿಯಲ್ಲಿ, ಯಂತ್ರದ ಚಕ್ರ ಹೋದ ದಾರಿಯಲ್ಲಿ ಉದ್ದಕ್ಕೆ ಹರಡುತ್ತದೆ. ಒದ್ದೆ ಹುಲ್ಲಿನಲ್ಲಿ ಯಂತ್ರ ಓಡಿಸಬೇಡಿ ಅನ್ನುವುದು ಇದಕ್ಕೇ. ನೀರು ಬಸಿದು ಹೋಗುವ ದಾರಿ ಮಾಡು, ಉಳಿದದ್ದು ಆಮೇಲೆ. ಬಿಳಿ ಷೂಗೆ ಕಿತ್ತಳೆ ಬಣ್ಣದ ಪುಡಿ ಅಂಟಿದರೆ ತುಕ್ಕು ರೋಗ, ಸ್ವಲ್ಪ ಗೊಬ್ಬರ, ಸ್ವಲ್ಪ ಬಿಸಿಲು ಬಿದ್ದರೆ ಹುಲ್ಲೇ ಅದನ್ನು ದಾಟಿ ಬೆಳೆಯುತ್ತದೆ. ಎಲೆಗಳ ಮೇಲೆ ಬೂದಿ ಎರಚಿದಂತೆ ಕಂಡರೆ ಲೋಳೆ ಶಿಲೀಂಧ್ರ, ಅದು ಹುಲ್ಲನ್ನು ತಿನ್ನುವುದೇ ಇಲ್ಲ. ಪೈಪು ಹಿಡಿದು ತೊಳೆದುಬಿಡು.

ಅಣಬೆಯ ವಿಷಯ ಮಾತ್ರ ಕಡೆಗಣಿಸಬೇಡ. ಮಳೆ ಬಿದ್ದ ಮೇಲೆ ಹುಲ್ಲಿನಲ್ಲಿ ಕಡುಹಸಿರು ಉಂಗುರವೆದ್ದು, ಅದರ ಗುಂಟ ದೊಡ್ಡ ಬಿಳಿ ನಾಯಿಕೊಡೆಗಳು ಸಾಲಾಗಿ ನಿಲ್ಲುತ್ತವೆ. ನೆಲದಡಿ ಹೂತ ಮರದ ತುಂಡು, ಕಟ್ಟಡ ಕಟ್ಟುವಾಗ ಮುಚ್ಚಿಹೋದ ಹಲಗೆ, ಇವನ್ನು ತಿಂದು ಬದುಕುವ ಶಿಲೀಂಧ್ರ ಅದು. ಅಗೆದು ಆ ಮರದ ತುಂಡು ತೆಗೆಸಿದರೆ ನಿಲ್ಲುತ್ತದೆ. ಹುಲ್ಲುಹಾಸಿನಲ್ಲಿ ಏಳುವ ಇಂಥ ಅಣಬೆಗಳಲ್ಲಿ ಕ್ಲೋರೊಫಿಲ್ಲಮ್ ಮೋಲಿಬ್ಡೈಟಿಸ್ ಅನ್ನುವುದೂ ಒಂದು. ಬಲಿತ ಮೇಲೆ ಕೊಡೆಯ ಅಡಿಯ ಪದರಗಳು ಹಸಿರುಗಟ್ಟುತ್ತವೆ, ಎಳೆಯದಾಗಿದ್ದಾಗ ಬರೀ ಬಿಳಿ. ತಿನ್ನುವ ಅಣಬೆಯೆಂದು ಸಾರು ಮಾಡಿದವರು ವಾಂತಿ-ಭೇದಿಯಾಗಿ ಆಸ್ಪತ್ರೆ ಸೇರುತ್ತಾರೆ. ಬೆಳಿಗ್ಗೆ ಕಂಡ ಕೂಡಲೇ ಕೀಳಿಸಿ ಮಣ್ಣಿನಲ್ಲಿ ಹೂಳಿಸು. ಅಂಗನವಾಡಿ ಮಕ್ಕಳು ಬರುವ ಜಾಗವಾದರೆ ಒಂದು ದಿನವೂ ತಡ ಮಾಡಬೇಡ.

ಇನ್ನು ಗೊಣ್ಣೆಹುಳು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ರಾಜ್ಯದಲ್ಲಿ ಹುಲ್ಲಿಗಿಂತ ದೊಡ್ಡ ನಷ್ಟ ಮಾಡಿದ ಹುಳು ಇದು. ಬೆಳಗಾವಿ ಕಡೆ ಕಬ್ಬು ಬೆಳೆಯುವವರನ್ನು ಕೇಳು, ಮಲೆನಾಡು-ಕರಾವಳಿಯ ಅಡಿಕೆ ತೋಟದವರನ್ನು ಕೇಳು, ಬೇರಿನ ಹುಳು ಅಂದರೆ ಅವರ ಮುಖ ಬಾಡುತ್ತದೆ. ನಮ್ಮ ಬಯಲುಸೀಮೆಯ ಕೆಂಪು ಮಣ್ಣಿನಲ್ಲಿ ಹೆಚ್ಚಾಗಿ ಸಿಗುವುದು ಹೋಲೋಟ್ರೈಕಿಯಾ ಸೆರೇಟಾ ಎಂಬ ಜಾತಿ. ವರ್ಷಕ್ಕೆ ಒಂದೇ ಪೀಳಿಗೆ. ಆ ವರ್ಷದ ಲೆಕ್ಕ ನಿನಗೆ ಗೊತ್ತಿದ್ದರೆ ಅರ್ಧ ಯುದ್ಧ ಗೆದ್ದ ಹಾಗೆ.

ಏಪ್ರಿಲ್-ಮೇ ತಿಂಗಳಲ್ಲಿ ಮುಂಗಾರಿಗೆ ಮುಂಚಿನ ಮಳೆ ನೆಲವನ್ನು ಚೆನ್ನಾಗಿ ನೆನೆಸುತ್ತದಲ್ಲ, ಆ ಸಂಜೆಯೇ ಕಂದು ದುಂಬಿಗಳು ಮಣ್ಣಿನಿಂದ ಏಳುತ್ತವೆ. ಮಬ್ಬುಗತ್ತಲಾಗುತ್ತಿದ್ದಂತೆ ಗುಂಯ್ ಎಂದು ಹಾರಿ ಬೇವು, ಜಾಲಿಯಂಥ ಮರಗಳಿಗೆ ಮುತ್ತಿ ಎಲೆ ತಿನ್ನುತ್ತವೆ, ಅಲ್ಲೇ ಜೋಡಿಯಾಗುತ್ತವೆ. ಬೆಳಗಾಗುವುದರೊಳಗೆ ಮತ್ತೆ ಮಣ್ಣಿಗಿಳಿದು ಮೊಟ್ಟೆಯಿಡುತ್ತವೆ. ಮೊಟ್ಟೆಯೊಡೆದ ಸಣ್ಣ ಹುಳು ಮೊದಲು ಮಣ್ಣಿನ ಸಾವಯವ ಪದಾರ್ಥ, ಎಳೆ ಬೇರು ತಿನ್ನುತ್ತ ಬೆಳೆಯುತ್ತದೆ. ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಹೆಬ್ಬೆರಳ ಗಾತ್ರವಾಗಿ, ‘ಸಿ’ ಅಕ್ಷರದಂತೆ ಬಾಗಿ, ಬೇರನ್ನು ಬುಡಸಮೇತ ಕತ್ತರಿಸುತ್ತದೆ. ನೀನು ಹಳದಿ ಚಕ್ರ ನೋಡುವುದು ಆಗ. ಅಷ್ಟು ಬಲಿತ ಹುಳುವಿಗೆ ಯಾವ ಔಷಧಿಯೂ ಸರಿಯಾಗಿ ನಾಟುವುದಿಲ್ಲ. ಆ ಮೇಲೆ ಅದು ಆಳಕ್ಕಿಳಿದು ಕೋಶವಾಗಿ, ದುಂಬಿಯಾಗಿ, ಮುಂದಿನ ಮಳೆಗಾಗಿ ಕಾದು ಕೂರುತ್ತದೆ. ಸೆಪ್ಟೆಂಬರಿನಲ್ಲಿ ಕಂಡ ಹಾನಿಗೆ ಮದ್ದು ಮಾಡಬೇಕಾದದ್ದು ಮೇ ತಿಂಗಳಲ್ಲಿ, ತಡವಾದರೆ ಜೂನ್-ಜುಲೈಯಲ್ಲಿ.

ಮೇ ತಿಂಗಳ ಕೆಲಸ ಇಷ್ಟೆ. ಮೊದಲ ದೊಡ್ಡ ಮಳೆಯ ಸಂಜೆಗಳಲ್ಲಿ, ಏಳು-ಏಳೂವರೆಯ ನಂತರ, ನಿಮ್ಮ ಬಡಾವಣೆಯ ಬೇವಿನ ಮರದ ಕೆಳಗೆ ಹಳೆಯ ಬೆಡ್‌ಶೀಟ್ ಹಾಸಿ ಕೊಂಬೆ ಅಲುಗಿಸಿ. ಬಿದ್ದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿನ ಬಕೆಟ್ಟಿಗೆ ಹಾಕಿ. ಉದ್ಯಾನದ ಫ್ಲಡ್‌ಲೈಟನ್ನು ಆ ಕೆಲವು ರಾತ್ರಿ ಆರಿಸಿಡಿ, ದುಂಬಿ ಬೆಳಕಿಗೂ ಬರುತ್ತದೆ. ಒಂದು ಹೆಣ್ಣು ದುಂಬಿ ಸಿಕ್ಕರೆ ಅದು ಇಡಬೇಕಾಗಿದ್ದ ಮೊಟ್ಟೆಗಳೆಲ್ಲ ತಪ್ಪಿದವು ಎಂದೇ ಲೆಕ್ಕ. ಮಕ್ಕಳನ್ನು ಕರೆದುಕೊಂಡು ಹೋಗು, ಅವರು ನಿನಗಿಂತ ಚೆನ್ನಾಗಿ ಹಿಡಿಯುತ್ತಾರೆ.

ಜುಲೈಯಲ್ಲಿ ನೆಲ ಕತ್ತರಿಸಿ ನೋಡು. ಒಂದಡಿ ಚೌಕದ ಮೂರು ಬದಿಯನ್ನು ಗುದ್ದಲಿಯಿಂದ ಮೂರು-ನಾಲ್ಕು ಇಂಚು ಆಳ ಕತ್ತರಿಸಿ, ಹುಲ್ಲನ್ನು ಹಿಂದಕ್ಕೆ ಮಡಚಿ ಮಣ್ಣು ಕೆದಕಿ ಹುಳು ಎಣಿಸು. ಆಮೇಲೆ ಹುಲ್ಲನ್ನು ಮುಚ್ಚಿ ತುಳಿದು ನೀರು ಹಾಕಿದರೆ ಮತ್ತೆ ಕೂಡಿಕೊಳ್ಳುತ್ತದೆ. ಒಂದೆರಡು ಹುಳು ಇದ್ದರೆ ಆರೋಗ್ಯವಂತ ಹುಲ್ಲು ತಡೆದುಕೊಳ್ಳುತ್ತದೆ, ಬಿಟ್ಟುಬಿಡು. ಐದಾರು ದಾಟಿದರೆ ಕೆಲಸ ಶುರು ಮಾಡಬೇಕು. ಇನ್ನೊಂದು ಪರೀಕ್ಷೆಯನ್ನು ಮರೆಯಬೇಡ. ಸಿಕ್ಕ ಹುಳುವನ್ನು ಸಿಮೆಂಟು ನೆಲದ ಮೇಲೆ ಬಿಡು. ಅದು ಕಾಲು ಮೇಲೆ ಮಾಡಿ ಬೆನ್ನ ಮೇಲೆ ತೆವಳಿಕೊಂಡು ಹೋದರೆ ಅದು ಹೂದುಂಬಿಯ ಮರಿ, ಕೊಳೆತ ಗೊಬ್ಬರ ತಿಂದು ಬದುಕುವುದು, ನಿನ್ನ ಬೇರಿಗೆ ಕೈ ಹಾಕುವುದಿಲ್ಲ. ತಿಪ್ಪೆಯಲ್ಲಿ ಸಿಗುವ ಕುರುವಾಯಿ ದುಂಬಿಯ ದೊಡ್ಡ ಹುಳುವೂ ಹಾಗೆಯೇ, ದುಂಬಿಯಾದ ಮೇಲೆ ತೆಂಗಿಗೆ ಶತ್ರು ನಿಜ, ಆದರೆ ಹುಲ್ಲಿಗಲ್ಲ. ಬೆಳ್ಳಗೆ ದಪ್ಪಗೆ ಕಂಡದ್ದಕ್ಕೆಲ್ಲ ವಿಷ ಸುರಿಯುವವರು ಈ ವ್ಯತ್ಯಾಸ ನೋಡುವುದೇ ಇಲ್ಲ.

ಸುರಿಯುವ ವಿಷದ ಮಾತು ಬಂತು. ಹಿಂದೆ ಗೊಣ್ಣೆಹುಳುವಿಗೆ ಫೋರೇಟ್ ಹರಳು ಎರಚುವುದು ರೂಢಿಯಲ್ಲಿತ್ತು. ಕೇಂದ್ರ ಸರ್ಕಾರ 2018ರ ಆದೇಶದಲ್ಲಿ ಅದನ್ನು ನಿಷೇಧಿತ ಪಟ್ಟಿಗೆ ಸೇರಿಸಿ, 2020ರ ಡಿಸೆಂಬರ್ 31ರಿಂದ ಬಳಕೆಯನ್ನು ಪೂರ್ತಿ ನಿಲ್ಲಿಸಿತು. ಎಲ್ಲೋ ಹಳೆಯ ದಾಸ್ತಾನಿದೆ ಎಂದು ಯಾರಾದರೂ ತಂದುಕೊಟ್ಟರೆ ಕಟ್ಟುನಿಟ್ಟಾಗಿ ಬೇಡ ಅನ್ನು. ಮಕ್ಕಳು ಆಡುವ ನೆಲದಲ್ಲಿ ಅಂಥದ್ದಕ್ಕೆ ಜಾಗವಿಲ್ಲ. ಅದರ ಬದಲು ನಮ್ಮ ಬೆಂಗಳೂರಿನಲ್ಲೇ ತಯಾರಾದ ಒಳ್ಳೆಯ ದಾರಿ ಇದೆ. ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದವರು ಹೆಟೆರೊರಾಬ್ಡಿಟಿಸ್ ಇಂಡಿಕಾ ಎಂಬ ಜಂತುವನ್ನು ಪುಡಿಯ ರೂಪದಲ್ಲಿ ಸಿದ್ಧಪಡಿಸಿದ್ದಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ದುಂಡುಜಂತು, ತಾನಾಗಿ ಹುಳುವನ್ನು ಹುಡುಕಿ ಒಳಹೊಕ್ಕು, ತನ್ನೊಂದಿಗೆ ಒಯ್ದ ಬ್ಯಾಕ್ಟೀರಿಯಾ ಬಿಟ್ಟು ಹುಳುವನ್ನು ಕೊಲ್ಲುತ್ತದೆ. ನಾಲ್ಕಾರು ದಿನ ಬಿಟ್ಟು ನೆಲ ಕೆದಕಿದರೆ ಸತ್ತ ಹುಳು ಇಟ್ಟಿಗೆಗೆಂಪು ಬಣ್ಣಕ್ಕೆ ತಿರುಗಿರುತ್ತದೆ. ಆ ಬಣ್ಣ ಕಂಡರೆ ಮದ್ದು ಕೆಲಸ ಮಾಡಿದೆ ಎಂದು ತಿಳಿ. ಮೆಟಾರೈಜಿಯಂ ಎಂಬ ಶಿಲೀಂಧ್ರವೂ ಹಾಗೆ. ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಬೆರೆಸಿ ಎರಚಿದರೆ, ಹುಳು ಸತ್ತು ಮೊದಲು ಬೆಳ್ಳಗಾಗಿ ಆಮೇಲೆ ಹಸಿರುಗಟ್ಟುತ್ತದೆ. ಇವೆರಡೂ ಜೀವಿಗಳು. ಬಿಸಿಲಿಗೆ ಸಾಯುತ್ತವೆ, ಒಣ ನೆಲದಲ್ಲಿ ಸಾಯುತ್ತವೆ. ಸಂಜೆ ಹೊತ್ತು, ನೆಲ ನೆನೆಸಿ ಹಾಕಬೇಕು, ಹಾಕಿದ ಮೇಲೂ ತೇವ ಆರದಂತೆ ನೋಡಿಕೊಳ್ಳಬೇಕು. ಆ ವಾರ ಶಿಲೀಂಧ್ರನಾಶಕ ಹೊಡೆಸಿದರೆ ಮೆಟಾರೈಜಿಯಂಗೆ ಹಾಕಿದ ದುಡ್ಡು ನೀರುಪಾಲು. ಸಂಜೆ ನೀರು ಬೇಡ ಎಂದಿದ್ದೆನಲ್ಲ, ಇದೊಂದಕ್ಕೆ ವಿನಾಯಿತಿ.

ಹುಲ್ಲಿನ ಮೇಲೆ ಗೊರವಂಕ, ಕಾಗೆ, ಬೆಳ್ಳಕ್ಕಿ ಗುಂಪಾಗಿ ಇಳಿದು ಕುಕ್ಕುತ್ತಿದ್ದರೆ ಓಡಿಸಬೇಡ. ಅಲ್ಲಿ ಹುಳು ಇದೆ ಎಂದು ಪುಕ್ಕಟೆ ಹೇಳುತ್ತಿವೆ, ತೆಗೆದೂ ಕೊಡುತ್ತಿವೆ. ಅವು ಕುಕ್ಕುವುದು ಮೇಲಿನ ಎಲೆಹುಳುವಿಗೂ ಇರಬಹುದು. ಒಣಹವೆ ಮುಗಿದು ಜೋರು ಮಳೆ ಬಂದ ಮೇಲೆ ಸೈನಿಕ ಹುಳು ರಾತ್ರೋರಾತ್ರಿ ಹುಲ್ಲು ಬೋಳಿಸುತ್ತದೆ. ಭತ್ತದ ಸಸಿಮಡಿ ತಿನ್ನುವ ಸ್ಪೋಡಾಪ್ಟೆರಾ ಮಾರಿಷಿಯಾ ಹುಲ್ಲುಹಾಸಿಗೂ ಬರುತ್ತದೆ. 2018ರ ಮೇ ತಿಂಗಳಲ್ಲಿ ದೇಶದಲ್ಲೇ ಮೊದಲು ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಕಾಣಿಸಿಕೊಂಡ ಅಮೆರಿಕದ ಸೈನಿಕ ಹುಳು ಅದರ ಹತ್ತಿರದ ಸಂಬಂಧಿ. ತಲೆಯ ಮೇಲೆ ತಲೆಕೆಳಗಾದ ‘ವೈ’, ಹಿಂಭಾಗದಲ್ಲಿ ಚೌಕಾಕಾರದ ನಾಲ್ಕು ಕಪ್ಪು ಚುಕ್ಕೆ ಕಂಡರೆ ಅದೇ. ಹುಡುಕಲು ಒಂದು ಉಪಾಯ ಹೇಳುತ್ತೇನೆ: ಎರಡು ಚಮಚ ಪಾತ್ರೆ ತೊಳೆಯುವ ಸೋಪಿನ ದ್ರಾವಣವನ್ನು ನಾಲ್ಕೈದು ಲೀಟರ್ ನೀರಿಗೆ ಬೆರೆಸಿ ಒಂದು ಗಜ ಚೌಕಕ್ಕೆ ಸುರಿ. ಹುಳು ಇದ್ದರೆ ಐದಾರು ನಿಮಿಷದಲ್ಲಿ ಮೇಲೆ ಬರುತ್ತದೆ. ಬರದಿದ್ದರೆ ಔಷಧಿ ಬೇಡ. ಬಂದರೆ, ಹುಳು ಸಣ್ಣದಿರುವಾಗಲೇ ಬೇವಿನ ಔಷಧಿ ಅಥವಾ ಬಿಟಿ ಪುಡಿ, ಅದೂ ಸಂಜೆ. ಹುಲ್ಲು ತಿಂದುಹೋದರೂ ಬೇರು ಗಟ್ಟಿಯಿದ್ದರೆ ಮತ್ತೆ ಚಿಗುರುತ್ತದೆ, ಗಾಬರಿಯಾಗಬೇಡ.

ಎರೆಹುಳುವಿನ ಹಿಕ್ಕೆ ಮುದ್ದೆಮುದ್ದೆಯಾಗಿ ಬಿದ್ದಿದೆ, ನಡೆಯಲು ಅಸಹ್ಯ ಎಂದು ನಿಮ್ಮವರು ದೂರುತ್ತಾರಂತಲ್ಲ. ಒಣಗಿದ ಮೇಲೆ ಪೊರಕೆಯಿಂದ ಹರಡಿಸಿದರೆ ಸಾಕು. ಆ ಹುಳುಗಳನ್ನು ಕೊಲ್ಲಿಸಿದರೆ ನಿನ್ನ ಮಣ್ಣು ಗಾರೆಯಾಗುತ್ತದೆ.

ಕಳೆಯ ವಿಷಯಕ್ಕೆ ಬರುತ್ತೇನೆ. ಕಳೆ ಎಲ್ಲಿ ಎದ್ದಿದೆ ಎಂದು ನೋಡಿದರೆ ನಿನ್ನ ನೆಲಕ್ಕೆ ಏನಾಗಿದೆ ಎಂದು ಗೊತ್ತಾಗುತ್ತದೆ. ಜನ ತುಳಿದು ದಾರಿಯಾದ ಕಡೆ ನಮ್ಮ ರಾಗಿಯ ದಾಯಾದಿ ಕಾಡುರಾಗಿ ಏಳುತ್ತದೆ, ಅಂದರೆ ಅಲ್ಲಿ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ ಹೋಗುತ್ತಿಲ್ಲ. ತೋಟದ ಫೋರ್ಕಿನಿಂದ ಮೂರು ಇಂಚು ಆಳ ಚುಚ್ಚಿ, ಮರಳು ಮತ್ತು ಪುಡಿ ಗೊಬ್ಬರ ತೂರಿಸು. ಮುಟ್ಟಿದರೆ ಮುನಿ ಹರಡಿದ್ದರೆ ಹುಲ್ಲು ತೆಳ್ಳಗಿದೆ, ಸಾರಜನಕ ಸಾಲದು. ಆ ಗಿಡ ದ್ವಿದಳ ಜಾತಿಯದು, ಗೊಬ್ಬರವಿಲ್ಲದ ನೆಲದಲ್ಲೂ ತನಗೆ ಬೇಕಾದದ್ದನ್ನು ಗಾಳಿಯಿಂದ ಪಡೆದುಕೊಳ್ಳುತ್ತದೆ. ಮರದಡಿ ಪಾಚಿ ಕಟ್ಟಿದ್ದರೆ ಹುಲ್ಲಿಗೆ ಬಿಸಿಲಿಲ್ಲ. ಗರಿಕೆ ಜಾತಿಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಹೊಂಗೆ ಮರದಡಿ ಮತ್ತೆ ಮತ್ತೆ ಹುಲ್ಲು ಹಾಸಿ ದುಡ್ಡು ಕಳೆಯಬೇಡ, ಅಲ್ಲಿ ಕಲ್ಲುಬೆಂಚು ಹಾಕಿಸು.

ಇವೆಲ್ಲ ಸುಲಭದವು. ಜೇಕು ಹಾಗಲ್ಲ. ಕೊನ್ನಾರಿ ಅನ್ನುತ್ತಾರೆ, ತುಂಗೆ ಅನ್ನುತ್ತಾರೆ, ಹೆಸರು ಏನೇ ಇರಲಿ, ಲೋಕದ ಅತಿ ಕೆಟ್ಟ ಕಳೆಗಳ ಪಟ್ಟಿಯಲ್ಲಿ ಅದಕ್ಕೆ ಮೊದಲ ಸ್ಥಾನ ಕೊಟ್ಟವರಿದ್ದಾರೆ. ನೋಡಲು ಹುಲ್ಲಿನಂತೆಯೇ. ಹೂಗೊಂಚಲಿನ ದಂಟನ್ನು ಎರಡು ಬೆರಳ ನಡುವೆ ಹೊರಳಿಸು, ಮೂರು ಮೂಲೆ ತಟ್ಟುತ್ತದೆ, ಹುಲ್ಲಿನ ಕಾಂಡಕ್ಕೆ ಆ ಮೂಲೆಗಳಿಲ್ಲ. ಕೈಯಲ್ಲಿ ಎಳೆದರೆ ಎಲೆ ಮಾತ್ರ ಬರುತ್ತದೆ. ಕೆಳಗೆ ಕಪ್ಪು ಗಡ್ಡೆಗಳು ದಾರದಲ್ಲಿ ಪೋಣಿಸಿದಂತೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಂದು ಗಡ್ಡೆ ಕಿತ್ತರೆ ನಿದ್ದೆಯಲ್ಲಿದ್ದ ಪಕ್ಕದ ಗಡ್ಡೆ ಎಚ್ಚರವಾಗಿ ಚಿಗುರುತ್ತದೆ.

ಇದು ನಿಮ್ಮ ಉದ್ಯಾನಕ್ಕೆ ಗಾಳಿಯಲ್ಲಿ ಬಂದದ್ದಲ್ಲ. ಲಾರಿಯಲ್ಲಿ ಬಂದದ್ದು. ಎಲ್ಲಿಂದಲೋ ಅಗೆದ ಕೆಮ್ಮಣ್ಣು, ಅರೆಬರೆ ಕಳಿತ ಕೊಟ್ಟಿಗೆ ಗೊಬ್ಬರ, ಸುರುಳಿ ಸುತ್ತಿ ತರುವ ರೆಡಿಮೇಡ್ ಹುಲ್ಲು, ಈ ಮೂರರ ಜೊತೆ ಗಡ್ಡೆ, ಕಳೆಬೀಜ, ಗೊಣ್ಣೆಹುಳು ಎಲ್ಲ ಬಾಡಿಗೆ ಕೊಡದೆ ಬರುತ್ತವೆ. ಮುಂದಿನ ಸಲ ಮಣ್ಣು ಇಳಿಸುವ ಮೊದಲು ಲಾರಿ ಹತ್ತಿ ಎರಡು ಬುಟ್ಟಿ ಮಣ್ಣು ಜರಡಿ ಹಿಡಿಸು. ಗಡ್ಡೆ ಕಂಡರೆ ಲಾರಿ ವಾಪಸ್ಸು. ಗೊಬ್ಬರ ಕೈಯಲ್ಲಿ ಹಿಡಿದರೆ ಪುಡಿಯಾಗಬೇಕು, ಸಗಣಿ ವಾಸನೆ ಬರಬಾರದು. ನಾನು ಹೇಳಿದ್ದರಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳುವುದಾದರೆ ಈ ಲಾರಿಯ ಮಾತನ್ನು ನೆನಪಿಟ್ಟುಕೊ. ಒಳಗೆ ಬಿಟ್ಟುಕೊಂಡ ಮೇಲೆ ಜೇಕಿನ ಜೊತೆ ವರ್ಷಗಟ್ಟಲೆ ಗುದ್ದಾಡಬೇಕು.

ಈಗಾಗಲೇ ಬಂದಿರುವುದಕ್ಕೆ ಏನು ಮಾಡುವುದು? ಸ್ವಲ್ಪವೇ ಇದ್ದರೆ ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಫೋರ್ಕು ಹಾಕಿ ಗಡ್ಡೆ ಸಮೇತ ಎತ್ತಿಸು. ಮತ್ತೆ ಚಿಗುರಿದಾಗ ನಾಲ್ಕೈದು ಎಲೆ ಬರುವುದರೊಳಗೆ ಮತ್ತೆ ಎತ್ತಿಸು. ಎಲೆ ಊಟ ತಯಾರಿಸಿ ಗಡ್ಡೆಗೆ ಕಳಿಸಲು ಬಿಡಬಾರದು, ಗುಟ್ಟು ಅಷ್ಟೆ. ಪೂರ್ತಿ ಹಾಳಾದ ತುಂಡು ನೆಲವಿದ್ದರೆ ಮಾರ್ಚ್-ಏಪ್ರಿಲ್ ಬಿಸಿಲಿಗೆ ಅಗೆಸಿ, ಗಡ್ಡೆ ಮೇಲೆ ಬೀಳುವಂತೆ ಹರಡಿ, ನೀರು ತೋರಿಸದೆ ಒಣಗಿಸು. ಗಡ್ಡೆ ನೀರಿಗೆ, ನೆರಳಿಗೆ ಸಾಯುವುದಿಲ್ಲ, ಒಣಗಿದರೆ ಸಾಯುತ್ತದೆ. ಸೊಪ್ಪಿಗೆ ಮಾತ್ರ ನೆರಳು ಆಗಿಬರುವುದಿಲ್ಲ, ಆದ್ದರಿಂದ ದಟ್ಟ ಹುಲ್ಲು ಅದನ್ನು ಕುಗ್ಗಿಸುತ್ತದೆ. ಕಬ್ಬಿನ ಗದ್ದೆಯಲ್ಲಿ ಜೇಕಿಗೆ ಬಳಸುವ ಹ್ಯಾಲೋಸಲ್ಫ್ಯುರಾನ್ ಮೀಥೈಲ್ ಗರಿಕೆ, ಜೋಯಿಸಿಯಾ ಹುಲ್ಲುಗಳಿಗೆ ಹೆಚ್ಚು ತೊಂದರೆ ಮಾಡದೆ ಜೇಕನ್ನು ಹಿಡಿಯುತ್ತದೆ. ಅದಕ್ಕೆ ಕೈ ಹಾಕುವ ಮೊದಲು ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಲ್ಲೋ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳು, ಪ್ರಮಾಣ ಅವರೇ ಹೇಳಲಿ. ‘ರೌಂಡಪ್ ಹೊಡೆದರೆ ಎಲ್ಲ ಹೋಗುತ್ತೆ ಮೇಡಂ’ ಎಂದು ಗುತ್ತಿಗೆದಾರರು ಹೇಳುತ್ತಾರೆ. ಎಲ್ಲ ಅಂದರೆ ನಿನ್ನ ಹುಲ್ಲೂ ಸೇರಿ. ರೌಂಡಪ್‌ನಲ್ಲಿರುವ ಗ್ಲೈಫೋಸೇಟನ್ನು ಕೀಟ ನಿಯಂತ್ರಣ ನಿರ್ವಾಹಕರ ಮೂಲಕವಷ್ಟೇ ಬಳಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿದ್ದನ್ನೂ ಅವರಿಗೆ ನೆನಪಿಸು. ಅಗಲ ಎಲೆಯ ಕಳೆಗೆ 2,4-ಡಿ ಹೊಡೆಸಿದರೆ ಗಾಳಿಗೆ ತೇಲಿ ಹೋದ ಹನಿಗೇ ಪಕ್ಕದ ಮನೆಯ ಗುಲಾಬಿ, ಟೊಮ್ಯಾಟೊ ಮುರುಟಿಕೊಳ್ಳುತ್ತವೆ. ಸಣ್ಣ ಉದ್ಯಾನಕ್ಕೆ ಕುರ್ಪಿಯೇ ಸಾಕು.

ಅಂಚಿನಲ್ಲಿರುವ ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಕೀಳಿಸು. ಒಂದು ಗಿಡ ಹತ್ತು ಸಾವಿರಕ್ಕೂ ಮೀರಿ ಬೀಜ ಉದುರಿಸಬಲ್ಲದು. ಬರಿಗೈಯಲ್ಲಿ ಕೀಳುವವರಿಗೆ ಚರ್ಮ ಸುಲಿಯುವಂಥ ತುರಿಕೆ ಬರುತ್ತದೆ, ಕೆಲವರಿಗೆ ಜೀವಮಾನವಿಡೀ ಬಿಡುವುದಿಲ್ಲ. ಮಳೆಗಾಲದಲ್ಲಿ ಆ ಗಿಡದ ಮೇಲೆ ಮಾಸಲು ಬಿಳಿ ಬೆನ್ನಿಗೆ ಕಂದು ಗೆರೆಯ ಪುಟ್ಟ ದುಂಬಿಗಳು ಎಲೆ ಜರಡಿ ಮಾಡುತ್ತಿದ್ದರೆ ಅವುಗಳ ತಂಟೆಗೆ ಹೋಗಬೇಡ. ಮೆಕ್ಸಿಕೊದಿಂದ 1983ರಲ್ಲಿ ಬೆಂಗಳೂರಿಗೆ ತರಿಸಿ, ಪರೀಕ್ಷಿಸಿ, 1984ರಲ್ಲಿ ಬಿಟ್ಟ ಜೈಗೋಗ್ರಾಮಾ ದುಂಬಿಯ ಸಂತತಿ ಅವು. ಕಳೆಯನ್ನು ಕಳೆಯ ತವರಿನ ಹುಳುವೇ ತಿನ್ನಲಿ ಎಂದು ಯೋಚಿಸಿದವರು ನಮ್ಮ ಊರಿನ ವಿಜ್ಞಾನಿಗಳು, ನನಗೆ ಅದು ಹೆಮ್ಮೆಯ ವಿಷಯ. ಪಾಳು ಸೈಟಿನಲ್ಲಿ ಗಿಡ ದಟ್ಟವಾಗಿದ್ದರೆ ಲೀಟರಿಗೆ 200 ಗ್ರಾಂ ಅಡುಗೆ ಉಪ್ಪು ಕರಗಿಸಿ ಸಿಂಪಡಿಸಬಹುದು, ಹುಲ್ಲುಹಾಸಿನ ಹತ್ತಿರ ಮಾತ್ರ ಬೇಡ, ಉಪ್ಪು ಮಣ್ಣಿನಲ್ಲಿ ಉಳಿಯುತ್ತದೆ. ಇನ್ನು, ಗುತ್ತಿಗೆದಾರರು ಚೆಂದಕ್ಕೆ ಅಂತ ಅಂಚಿನಲ್ಲಿ ನೆಟ್ಟಿರುವ ಹಳದಿ ಹೂವಿನ ವೆಡೇಲಿಯಾ ಬಳ್ಳಿ ಇದೆಯಲ್ಲ, ಅದು ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಸೇರಿದ ಗಿಡ. ಪ್ರತಿ ಗಿಣ್ಣಿನಲ್ಲೂ ಬೇರು ಬಿಡುತ್ತ ಈಗಾಗಲೇ ಹುಲ್ಲಿನೊಳಕ್ಕೆ ಎರಡಡಿ ಬಂದಿರುವುದು ನಿನ್ನ ಫೋಟೋದಲ್ಲೇ ಕಂಡಿತು. ಇದೇ ತಿಂಗಳು ತೆಗೆಸು, ಕಿತ್ತದ್ದನ್ನು ಕೆರೆಯಂಗಳಕ್ಕೆ ಎಸೆಯಲು ಬಿಡಬೇಡ, ಒಣಗಿಸಿ ಗೊಬ್ಬರ ಮಾಡಿಸು.

ಇಷ್ಟೆಲ್ಲ ಹೇಳಿದರೂ ದಿನದ ಕೆಲಸ ಕತ್ತರಿ ಮತ್ತು ನೀರಿನದೇ. ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಒಂದೇ ಸಲಕ್ಕೆ ಕತ್ತರಿಸಬಾರದು. ನಿಮ್ಮದು ಮೆಕ್ಸಿಕನ್ ಹುಲ್ಲು ಅನ್ನುವ ಜೋಯಿಸಿಯಾ, ಒಂದೂವರೆ ಇಂಚು ಇರಲಿ. ಟೆನಿಸ್ ಅಂಗಳದ ಹಾಗೆ ಬೋಳಿಸಬೇಕೆಂದು ಯಾರಾದರೂ ಹಟ ಹಿಡಿದರೆ ಒಪ್ಪಬೇಡ. ಬೋಳಿಸಿದಷ್ಟೂ ಬೇರು ಮೇಲಕ್ಕೆ ಬರುತ್ತದೆ, ಬೆಳಕು ನೆಲಕ್ಕೆ ಬಿದ್ದು ಕಳೆಬೀಜ ಮೊಳೆಯುತ್ತದೆ. ನೀರು ದಿನಾ ಚಿಮುಕಿಸುವ ಬದಲು ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ಆಳಕ್ಕೆ ಇಳಿಯುವಂತೆ ಕೊಡು, ವಾರಕ್ಕೆ ಒಟ್ಟು 25 ಮಿಲಿಮೀಟರ್. ಹುಲ್ಲಿನ ಮೇಲೆ ಸ್ಟೀಲ್ ಡಬ್ಬಿ ಇಟ್ಟು ಅಳೆದು ನೋಡು, ಮಾಲಿಗೂ ತೋರಿಸು. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರವಾದಾಗ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದಿತ್ತು, ಸರಿಯಾಗಿಯೇ ಇತ್ತು. ಶುದ್ಧೀಕರಿಸಿದ ತ್ಯಾಜ್ಯ ನೀರನ್ನೇ ಬಳಸು. ಆದರೆ ಅದರಲ್ಲಿ ಉಪ್ಪಿನಂಶ ಹೆಚ್ಚಿರಬಹುದು, ಎಲೆಯ ತುದಿ ಸುಟ್ಟಂತಾಗಿ ರೋಗದ ಹಾಗೆಯೇ ಕಾಣುತ್ತದೆ. ವರ್ಷಕ್ಕೊಮ್ಮೆ ನೀರಿನ ಪರೀಕ್ಷೆ ಮಾಡಿಸು, ಮಳೆಗಾಲದಲ್ಲಿ ಉಪ್ಪು ಕೆಳಗಿಳಿಯಲು ನೆಲವನ್ನು ಚುಚ್ಚಿಸಿ ಬಿಡು. ಯೂಟ್ಯೂಬಿನಲ್ಲಿ ಅಮೆರಿಕದವರು ತೋರಿಸುವ ಕ್ಯಾಲೆಂಡರನ್ನು ಇಲ್ಲಿಗೆ ತರಬೇಡ. ಅವರದು ಹಿಮ ಬೀಳುವ ಊರಿನ ಬ್ಲೂಗ್ರಾಸು, ನಮ್ಮದು ಎರಡು ಮಳೆಗಾಲದ ನಡುವಿನ ಗರಿಕೆ, ಜೋಯಿಸಿಯಾ.

ಎಲ್ಲ ಮಾಡಿದ ಮೇಲೂ ಔಷಧಿ ಹೊಡೆಸಲೇಬೇಕಾದ ದಿನ ಬರಬಹುದು. ಆಗ ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡು. ಕೆಂಪು, ಹಳದಿ ಇದ್ದರೆ ಉದ್ಯಾನಕ್ಕೆ ತರಲೇಬೇಡ. ಹಸಿರು, ಬಹಳವೆಂದರೆ ನೀಲಿ. ಒಂದೇ ಶಿಲೀಂಧ್ರನಾಶಕವನ್ನು ಪ್ರತಿ ಸಲವೂ ಹೊಡೆಸಿದರೆ ರೋಗ ಅದಕ್ಕೆ ಒಗ್ಗಿಕೊಳ್ಳುತ್ತದೆ. ಹೊಡೆದ ದಿನ ಗೇಟಿಗೆ ಬೀಗ ಹಾಕಿ ಬೋರ್ಡು ನೇತುಹಾಕು, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಯಾರೂ, ನಾಯಿಯೂ, ಒಳಗೆ ಬರಬಾರದು. ಸಿಂಪಡಿಸುವವರು ನಿಮ್ಮ ಮಾಲಿಗಳೇ. ಬನಿಯನ್ನು, ಹವಾಯಿ ಚಪ್ಪಲಿಯಲ್ಲಿ, ಮುಖಕ್ಕೊಂದು ಟವೆಲ್ಲು ಸುತ್ತಿಕೊಂಡು ವಿಷದ ಮಂಜಿನ ನಡುವೆ ನಡೆಯುವವರನ್ನು ನಾನು ಇಂದಿಗೂ ನೋಡುತ್ತೇನೆ, ಹೊಟ್ಟೆ ಉರಿಯುತ್ತದೆ. ಗಮ್ ಬೂಟು, ರಬ್ಬರ್ ಕೈಗವಸು, ಕನ್ನಡಕ, ಸರಿಯಾದ ಮಾಸ್ಕು, ಕೆಲಸ ಮುಗಿದ ಮೇಲೆ ಸ್ನಾನಕ್ಕೆ ಸೋಪು-ನೀರು. ಇವುಗಳ ಖರ್ಚನ್ನು ಔಷಧಿಯ ಖರ್ಚಿನ ಜೊತೆಗೇ ಮುಂದಿನ ಸಭೆಯಲ್ಲಿ ಮಂಜೂರು ಮಾಡಿಸು. ಅದು ಮಂಜೂರಾಗುವವರೆಗೆ ಸ್ಪ್ರೇಯರನ್ನು ಕೋಣೆಯಿಂದ ಹೊರಗೆ ತೆಗೆಸಬೇಡ.